12345654321 (ಸಂಖ್ಯೆ)

12345654321 ಎಂಬುದು ಹನ್ನೊಂದು ಅಂಕಗಳ ಒಂದು ಬೆಸ ಪೂರ್ಣಾಂಕ. ಇದು 111111ರ ವರ್ಗ. ಎಡದಿಂದ ಓದಿದರೂ ಬಲದಿಂದ ಓದಿದರೂ ಇದರ ಅಂಕಗಳು ಒಂದೇ ಕ್ರಮದಲ್ಲಿ ಬರುತ್ತವೆ. 1ರಿಂದ ಆರಂಭವಾಗಿ ನಡುವಿನ 6ರವರೆಗೆ ಏರಿ, ಮತ್ತೆ ಒಂದೊಂದಾಗಿ 1ರವರೆಗೆ ಇಳಿಯುತ್ತವೆ. ಕ್ರಿ.ಶ. ಸುಮಾರು 850ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆಯು 27994681 ಮತ್ತು 441ರ ಗುಣಲಬ್ಧವಾಗಿ ಬಂದಿದೆ.

ಈ ಸಂಖ್ಯೆಯ ಗುಣಗಳಲ್ಲಿ ಎರಡು ಬಗೆಗಳಿವೆ. ಅಂಕಗಳ ಏರಿಳಿತವು ದಶಮಾನ ಪದ್ಧತಿಯಲ್ಲಿ ಬರೆಯುವುದರಿಂದ ಕಾಣಿಸಿಕೊಳ್ಳುವ ಗುಣ. ಪೂರ್ಣವರ್ಗವಾಗಿರುವುದು, ಭಾಜಕಗಳ ಸಂಖ್ಯೆ, ಎರಡು ವರ್ಗಗಳ ಮೊತ್ತವಾಗಿ ಒಡೆಯುವ ಬಗೆ ಮುಂತಾದವು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದ ಗುಣಗಳು. ಎರಡಕ್ಕೂ ಮೂಲ 111111ರ ರಚನೆಯಲ್ಲಿದೆ.

ಓದುವ ಕ್ರಮ ಮತ್ತು ಸ್ಥಾನನಾಮಗಳು

ಇಂದಿನ ಕನ್ನಡದಲ್ಲಿ ಈ ಸಂಖ್ಯೆಯನ್ನು 'ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು' ಎಂದು ಓದಲಾಗುತ್ತದೆ. ಮಹಾವೀರಾಚಾರ್ಯನ ಕಾಲದಲ್ಲಿ ಕೋಟಿಗಿಂತ ಮೇಲಿನ ಸ್ಥಾನಗಳಿಗೂ ಪ್ರತ್ಯೇಕ ಹೆಸರುಗಳಿದ್ದವು. ಗಣಿತಸಾರಸಂಗ್ರಹದ ಮೊದಲ ಅಧ್ಯಾಯವಾದ ಸಂಜ್ಞಾಧಿಕಾರದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನನಾಮಗಳನ್ನು ಕೊಡಲಾಗಿದೆ. ಅವು ಕ್ರಮವಾಗಿ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಪ್ರತಿ ಸ್ಥಾನವೂ ಹಿಂದಿನದರ ಹತ್ತು ಪಟ್ಟು. ಆದುದರಿಂದ ಮಹಾಕ್ಷೋಭವೆಂದರೆ 10²³.

ಈ ಕ್ರಮದಂತೆ 12345654321ರ ಅಂಕಗಳು ಹೀಗೆ ನಿಲ್ಲುತ್ತವೆ:

ಅರ್ಬುದ – 1
ಶತಕೋಟಿ – 2
ದಶಕೋಟಿ – 3
ಕೋಟಿ – 4
ದಶಲಕ್ಷ – 5
ಲಕ್ಷ – 6
ದಶಸಹಸ್ರ – 5
ಸಹಸ್ರ – 4
ಶತ – 3
ದಶ – 2
ಏಕ – 1

ಸ್ಥಾನನಾಮಗಳು ಎಲ್ಲ ಗ್ರಂಥಗಳಲ್ಲಿ ಒಂದೇ ಬೆಲೆಯನ್ನು ಸೂಚಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಆರ್ಯಭಟ ಮತ್ತು ಭಾಸ್ಕರಾಚಾರ್ಯರ ಗಣನೆಯಲ್ಲಿ ಅರ್ಬುದವು 10⁸. ಮಹಾವೀರಾಚಾರ್ಯನ ಗಣನೆಯಲ್ಲಿ ಅದು 10¹⁰. ಹಳೆಯ ಗ್ರಂಥಗಳ ಸಂಖ್ಯೆಗಳನ್ನು ಓದುವಾಗ ಆಯಾ ಗ್ರಂಥದ ಸ್ಥಾನಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಗಣಿತಸಾರಸಂಗ್ರಹದಲ್ಲಿ

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಅದು ಕಾಗಿಣಾ ನದಿಯ ದಡದಲ್ಲಿದೆ. ಕೃಷ್ಣೆಯ ದಕ್ಷಿಣಕ್ಕಿರುವ ರಾಯಚೂರು ಸೀಮೆಯೂ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ'ವೂ ಅಮೋಘವರ್ಷನ ಆಸ್ಥಾನಕ್ಕೆ ಸೇರಿದುದು. ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥದ ಆರಂಭದಲ್ಲಿ ಈ ಅರಸನನ್ನು ಸ್ತುತಿಸಿದ್ದಾನೆ.

ಗ್ರಂಥದಲ್ಲಿ ಗಣಿತದ ಪರಿಕರ್ಮಗಳು ಎಂಟು: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ ಮತ್ತು ವ್ಯುತ್ಕಲಿತ. ಮೊದಲನೆಯದಾದ ಗುಣಾಕಾರಕ್ಕೆ ಮಹಾವೀರಾಚಾರ್ಯನು 'ಪ್ರತ್ಯುತ್ಪನ್ನ' ಎಂಬ ಹೆಸರನ್ನು ಬಳಸುತ್ತಾನೆ. ಇದರ ಉದಾಹರಣೆಗಳಲ್ಲಿ ಕೆಲವು ಗುಣಲಬ್ಧಗಳು ಅಂಕಗಳ ಜೋಡಣೆಯಿಂದ ಹಾರದಂತೆ ತೋರುವ ಸಂಖ್ಯೆಗಳು. ಅವುಗಳಲ್ಲಿ ಒಂದು:

27994681 × 441 = 12345654321

ಗ್ರಂಥವು ಪದ್ಯರೂಪದಲ್ಲಿರುವುದರಿಂದ ಈ ಸಂಖ್ಯೆಯ ಅಂಕಗಳನ್ನು ಒಂದೊಂದಾಗಿ ಎಣಿಸದೆ, ಒಂದರಿಂದ ತೊಡಗಿ ಆರರವರೆಗೆ ಏರಿ ಅನಂತರ ಕ್ರಮವಾಗಿ ಇಳಿಯುವುದೆಂದು ಅದರ ಆಕಾರದಿಂದಲೇ ಸೂಚಿಸಲಾಗಿದೆ. ಪ್ರಾಚೀನ ಗಣಿತ ಮತ್ತು ಜ್ಯೋತಿಷ ಗ್ರಂಥಗಳಲ್ಲಿ ಚಂದ್ರ ಎಂದರೆ 1, ನೇತ್ರ ಎಂದರೆ 2, ಅಗ್ನಿ ಎಂದರೆ 3, ಸಮುದ್ರ ಎಂದರೆ 4, ಬಾಣ ಎಂದರೆ 5, ಋತು ಎಂದರೆ 6 ಎಂಬಂತೆ ಪದಗಳಿಂದ ಅಂಕಗಳನ್ನು ಹೇಳುವ ಭೂತಸಂಖ್ಯಾ ಪದ್ಧತಿ ಬಳಕೆಯಲ್ಲಿತ್ತು. ಈ ಪದ್ಧತಿಯಲ್ಲಿ ಅಂಕಗಳನ್ನು ಏಕಸ್ಥಾನದಿಂದ, ಅಂದರೆ ಬಲದಿಂದ ಎಡಕ್ಕೆ, ಹೇಳುವುದು ರೂಢಿ. ಎರಡು ಕಡೆಯಿಂದಲೂ ಒಂದೇ ಆಗಿರುವ ಸಂಖ್ಯೆಗಳಲ್ಲಿ ದಿಕ್ಕಿನ ಗೊಂದಲ ಉಂಟಾಗುವುದಿಲ್ಲ.

ಮೇಲಿನ ಗುಣಾಕಾರದ ಎರಡು ಸಂಖ್ಯೆಗಳೂ ವರ್ಗಗಳೇ. 441 ಎಂಬುದು 21ರ ವರ್ಗ; 27994681 ಎಂಬುದು 5291ರ ವರ್ಗ; 21 × 5291 = 111111. ಗುಣಕವನ್ನು ಅದರ ಅಪವರ್ತನಗಳಾಗಿ ಒಡೆದು ಒಂದೊಂದರಿಂದ ಗುಣಿಸುವ ಕ್ರಮವನ್ನು ಮಹಾವೀರಾಚಾರ್ಯನು ಹೇಳಿದ್ದಾನೆ. ಅದರಂತೆ 441ನ್ನು 21 × 21 ಎಂದು ಒಡೆದರೆ ಲೆಕ್ಕವು ಎರಡು ಹೆಜ್ಜೆಗಳಲ್ಲಿ ಮುಗಿಯುತ್ತದೆ:

27994681 × 21 = 587888301
587888301 × 21 = 12345654321

ಮೊದಲ ಹೆಜ್ಜೆಯ ಉತ್ತರದಲ್ಲಿ ಯಾವ ವಿಶೇಷ ಕ್ರಮವೂ ಕಾಣುವುದಿಲ್ಲ. ಎರಡನೆಯದರಲ್ಲಿ ಮಾಲೆ ಪೂರ್ಣವಾಗುತ್ತದೆ. ಇಂತಹ ಉದಾಹರಣೆಯಲ್ಲಿ ಒಂದು ಅಂಕ ತಪ್ಪಿದರೂ ಉತ್ತರದ ಆಕಾರ ಕೆಡುವುದರಿಂದ ಕಲಿಯುವವರು ತಮ್ಮ ಲೆಕ್ಕವನ್ನು ತಾವೇ ಪರೀಕ್ಷಿಸಿಕೊಳ್ಳಬಹುದು.

ಮಾಲೆಯ ರೂಪಕ್ಕೆ ಕಾರಣ

111111ನ್ನು 111111ರಿಂದ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿ ಸಾಲೂ 111111 ಆಗಿದ್ದು, ಹಿಂದಿನ ಸಾಲಿಗಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬದಲ್ಲಿ ಒಂದು 1, ಮುಂದಿನದರಲ್ಲಿ ಎರಡು, ಅನಂತರ ಮೂರು, ಹೀಗೆ ನಡುವಿನ ಕಂಬದಲ್ಲಿ ಆರು 1ಗಳು ಸೇರುತ್ತವೆ. ಅಲ್ಲಿಂದ ಎಡಕ್ಕೆ ಮತ್ತೆ ಒಂದೊಂದೇ ಕಡಿಮೆಯಾಗುತ್ತವೆ. ಯಾವ ಕಂಬದ ಮೊತ್ತವೂ 9ನ್ನು ಮೀರದ ಕಾರಣ ದಶಕ ಒಯ್ಯುವ ಪ್ರಸಂಗ ಬರುವುದಿಲ್ಲ. ಕಂಬಗಳ ಮೊತ್ತಗಳೇ ಉತ್ತರದ ಅಂಕಗಳಾಗುತ್ತವೆ.

ಇದೇ ಕಾರಣದಿಂದ ಕೆಳಗಿನ ಸಾಲು ಉಂಟಾಗುತ್ತದೆ:

1² = 1
11² = 121
111² = 12321
1111² = 1234321
11111² = 123454321
111111² = 12345654321
1111111² = 1234567654321
11111111² = 123456787654321
111111111² = 12345678987654321

ಈ ಕ್ರಮ ಇಲ್ಲಿಗೆ ಮುಗಿಯುತ್ತದೆ. ಹತ್ತು 1ಗಳಿರುವ ಸಂಖ್ಯೆಯನ್ನು ವರ್ಗ ಮಾಡಿದಾಗ ನಡುವಿನ ಕಂಬದ ಮೊತ್ತ 10 ಆಗಿ ದಶಕ ಒಯ್ಯಬೇಕಾಗುತ್ತದೆ. ಉತ್ತರವು 1234567900987654321 ಆಗುತ್ತದೆ. ಅದು ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವುದಿಲ್ಲ. ಕೆಲವು ಉದಾಹರಣೆಗಳಲ್ಲಿ ಕಂಡ ಕ್ರಮವನ್ನು ಕಾರಣ ತಿಳಿಯದೆ ಮುಂದುವರಿಸಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇತರ ಅಂಕಪದ್ಧತಿಗಳಲ್ಲಿ

ಮೇಲಿನ ಲೆಕ್ಕವನ್ನು ಬೀಜಗಣಿತದಲ್ಲಿ ಹೀಗೆ ಬರೆಯಬಹುದು:

(1 + ಕ + ಕ² + ಕ³ + ಕ⁴ + ಕ⁵)² = 1 + 2ಕ + 3ಕ² + 4ಕ³ + 5ಕ⁴ + 6ಕ⁵ + 5ಕ⁶ + 4ಕ⁷ + 3ಕ⁸ + 2ಕ⁹ + ಕ¹⁰

ಇಲ್ಲಿ 'ಕ'ಗೆ 10 ಎಂಬ ಬೆಲೆ ಕೊಟ್ಟರೆ 12345654321 ದೊರೆಯುತ್ತದೆ. ಹತ್ತರ ಬದಲು ಏಳನ್ನು ಆಧಾರವಾಗಿ ಇಟ್ಟುಕೊಂಡ ಪದ್ಧತಿಯಲ್ಲಿ 0ಯಿಂದ 6ರವರೆಗಿನ ಅಂಕಗಳಷ್ಟೇ ಇರುತ್ತವೆ. ಅಲ್ಲಿ 111111 ಎಂಬ ಬರಹದ ಬೆಲೆ ನಮ್ಮ ದಶಮಾನದ 19608. ಅದರ ವರ್ಗ 384473664. ಇದನ್ನು ಏಳರ ಪದ್ಧತಿಯಲ್ಲಿ ಬರೆದರೆ ಮತ್ತೆ 12345654321 ಎಂದೇ ಆಗುತ್ತದೆ. ಏಳು ಮತ್ತು ಅದಕ್ಕಿಂತ ದೊಡ್ಡದಾದ ಯಾವ ಆಧಾರದಲ್ಲಾದರೂ ಇದು ನಿಜ. ಆರು ಅಥವಾ ಅದಕ್ಕಿಂತ ಚಿಕ್ಕ ಆಧಾರದಲ್ಲಿ 6 ಎಂಬ ಅಂಕವೇ ಇಲ್ಲದ ಕಾರಣ ಮಾಲೆ ಮುರಿಯುತ್ತದೆ.

ಹೀಗೆ, ಏರಿಳಿತದ ಆಕಾರವು ಈ ಒಂದು ಸಂಖ್ಯೆಗೆ ಮೀಸಲಾದುದಲ್ಲ. ಬೇರೆ ಬೇರೆ ಆಧಾರಗಳಲ್ಲಿ ಬೇರೆ ಬೇರೆ ಸಂಖ್ಯೆಗಳು ಅದೇ ಆಕಾರವನ್ನು ತಾಳುತ್ತವೆ. ಮುಂದೆ ವಿವರಿಸುವ ಗುಣಗಳಲ್ಲಿ ಹೆಚ್ಚಿನವು ಹತ್ತನ್ನು ಆಧಾರವಾಗಿ ಇಟ್ಟುಕೊಂಡಾಗ ದೊರೆಯುವ ಈ ನಿರ್ದಿಷ್ಟ ಸಂಖ್ಯೆಗೆ ಸಂಬಂಧಿಸಿದವು.

ಅವಿಭಾಜ್ಯ ಅಪವರ್ತನಗಳು

ಆರು ಪದಗಳ ಮೇಲಿನ ಮೊತ್ತವು ಯಾವಾಗಲೂ (1 + ಕ), (1 + ಕ + ಕ²) ಮತ್ತು (1 − ಕ + ಕ²) ಎಂಬ ಮೂರರ ಗುಣಲಬ್ಧವಾಗಿರುತ್ತದೆ. 'ಕ'ಗೆ 10 ಎಂಬ ಬೆಲೆ ಕೊಟ್ಟರೆ ಇವು ಕ್ರಮವಾಗಿ 11, 111 ಮತ್ತು 91 ಆಗುತ್ತವೆ. 111 = 3 × 37; 91 = 7 × 13. ಆದುದರಿಂದ

111111 = 3 × 7 × 11 × 13 × 37
12345654321 = 3² × 7² × 11² × 13² × 37²

ಭಾಜ್ಯತೆಯ ಸರಳ ನಿಯಮಗಳಿಂದಲೂ ಇದರ ಒಂದು ಭಾಗವನ್ನು ಪರೀಕ್ಷಿಸಬಹುದು. ಅಂಕಗಳ ಮೊತ್ತ 36. ಅದು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಬೆಸ ಸ್ಥಾನಗಳ ಅಂಕಗಳ ಮೊತ್ತ 1 + 3 + 5 + 5 + 3 + 1 = 18; ಸಮ ಸ್ಥಾನಗಳ ಅಂಕಗಳ ಮೊತ್ತ 2 + 4 + 6 + 4 + 2 = 18. ಎರಡರ ವ್ಯತ್ಯಾಸ ಸೊನ್ನೆಯಾದ ಕಾರಣ ಸಂಖ್ಯೆಯು 11ರಿಂದ ಭಾಗವಾಗುತ್ತದೆ.

ಈ ಐದು ಅವಿಭಾಜ್ಯಗಳಿಗೆ ಆವರ್ತ ದಶಮಾಂಶಗಳೊಂದಿಗೆ ನಿಕಟ ಸಂಬಂಧವಿದೆ. 111111ನ್ನು 9ರಿಂದ ಗುಣಿಸಿದರೆ 999999. ಯಾವ ಅವಿಭಾಜ್ಯ ಸಂಖ್ಯೆಯು 999999ನ್ನು ಭಾಗಿಸುತ್ತದೆಯೋ ಅದರಿಂದ 1ನ್ನು ಭಾಗಿಸಿದಾಗ ದಶಮಾಂಶದ ಅಂಕಗಳು ಆರು ಸ್ಥಾನಗಳಿಗೊಮ್ಮೆ ಮರುಕಳಿಸುತ್ತವೆ:

1 ÷ 3 : 3 ಎಂಬ ಒಂದೇ ಅಂಕದ ಆವರ್ತ
1 ÷ 11 : 09 ಎಂಬ ಎರಡು ಅಂಕಗಳ ಆವರ್ತ
1 ÷ 37 : 027 ಎಂಬ ಮೂರು ಅಂಕಗಳ ಆವರ್ತ
1 ÷ 7 : 142857 ಎಂಬ ಆರು ಅಂಕಗಳ ಆವರ್ತ
1 ÷ 13 : 076923 ಎಂಬ ಆರು ಅಂಕಗಳ ಆವರ್ತ

ಆವರ್ತದ ಉದ್ದವು 1, 2, 3 ಅಥವಾ 6 ಆಗಿರುವ ಅವಿಭಾಜ್ಯಗಳು ಈ ಐದೇ. ಬೇರೆ ಯಾವುದೂ ಇಲ್ಲ. ಅವೆಲ್ಲವನ್ನೂ ಒಂದೊಂದು ಸಲ ಗುಣಿಸಿದರೆ 111111, ಎರಡೆರಡು ಸಲ ಗುಣಿಸಿದರೆ 12345654321.

ಭಾಜಕಗಳು ಮತ್ತು ಅವುಗಳ ಮೊತ್ತ

ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದಾದ್ದರಿಂದ ಈ ಸಂಖ್ಯೆಗೆ 3⁵, ಅಂದರೆ 243 ಭಾಜಕಗಳಿವೆ. ಎಲ್ಲ ಭಾಜಕಗಳ ಮೊತ್ತ:

13 × 57 × 133 × 183 × 1407 = 25375524993

ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿದ ಭಾಜಕಗಳ ಮೊತ್ತ 13029870672. ಇದು ಮೂಲ ಸಂಖ್ಯೆಗಿಂತ 684216351ರಷ್ಟು ಹೆಚ್ಚು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ತನಗಿಂತ ಹೆಚ್ಚಾಗಿರುವ ಸಂಖ್ಯೆಯನ್ನು ಅಧಿಕ ಸಂಖ್ಯೆ ಎಂದೂ, ಕಡಿಮೆಯಾಗಿರುವುದನ್ನು ನ್ಯೂನ ಸಂಖ್ಯೆ ಎಂದೂ, ಸಮವಾಗಿರುವುದನ್ನು ಪರಿಪೂರ್ಣ ಸಂಖ್ಯೆ ಎಂದೂ ಕರೆಯಬಹುದು. 6 = 1 + 2 + 3 ಆದುದರಿಂದ 6 ಪರಿಪೂರ್ಣ ಸಂಖ್ಯೆ. ಸಮಸಂಖ್ಯೆಗಳಲ್ಲಿ ಅಧಿಕ ಸಂಖ್ಯೆಗಳು 12, 18, 20 ಎಂದು ಬೇಗನೆ ಸಿಗುತ್ತವೆ. ಬೆಸಸಂಖ್ಯೆಗಳಲ್ಲಿ ಅವು ವಿರಳ. ಅತಿ ಚಿಕ್ಕದು 945. ಬೆಸಸಂಖ್ಯೆಯಾದ 12345654321 ಈ ವಿರಳ ಗುಂಪಿಗೆ ಸೇರುತ್ತದೆ.

ಡೆಕಾರ್ಟನ ಸಂಖ್ಯೆಯೊಡನೆ ಸಂಬಂಧ

ಮೇಲಿನ ಅಪವರ್ತನಗಳಿಂದ 37ನ್ನು ಬಿಟ್ಟರೆ 3 × 7 × 11 × 13 = 3003 ಉಳಿಯುತ್ತದೆ. ಆದುದರಿಂದ 12345654321 = 3003² × 37². 3003ರ ವರ್ಗವಾದ 9018009ರ ಎಲ್ಲ ಭಾಜಕಗಳ ಮೊತ್ತ 18035199. ಸಂಖ್ಯೆಯ ಇಮ್ಮಡಿ 18036018. ಅಂದರೆ 9018009 ಪರಿಪೂರ್ಣ ಸಂಖ್ಯೆಯಾಗಲು 819 ಮಾತ್ರ ಕೊರತೆ.

ಈ ಕೊರತೆಯನ್ನು ಫ್ರಾನ್ಸಿನ ತತ್ತ್ವಜ್ಞಾನಿ ಹಾಗೂ ಗಣಿತಜ್ಞ ರೆನೆ ಡೆಕಾರ್ಟನು ಬಳಸಿಕೊಂಡನು. 18035199ನ್ನು 819ರಿಂದ ಭಾಗಿಸಿದರೆ ನಿಶ್ಶೇಷವಾಗಿ 22021 ಬರುತ್ತದೆ. 22021 ಅವಿಭಾಜ್ಯವಾಗಿದ್ದರೆ 3003² × 22021 = 198585576189 ಎಂಬ ಸಂಖ್ಯೆಯು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. 1638ರಲ್ಲಿ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಡೆಕಾರ್ಟನು ಈ ವಿಷಯವನ್ನು ತಿಳಿಸಿದನು. ಆದರೆ 22021 = 19² × 61; ಅದು ಅವಿಭಾಜ್ಯವಲ್ಲ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಇಲ್ಲವೇ ಎಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ. ಇದ್ದರೆ ಅದು 10¹⁵⁰⁰ಕ್ಕಿಂತ ದೊಡ್ಡದಾಗಿರಬೇಕೆಂದು 2012ರಲ್ಲಿ ಸಾಧಿಸಲಾಗಿದೆ.

ಗಣಿತಸಾರಸಂಗ್ರಹದ ಸಂಖ್ಯೆಯೂ ಡೆಕಾರ್ಟನ ಸಂಖ್ಯೆಯೂ 3003² ಎಂಬ ಒಂದೇ ತಿರುಳಿನಿಂದ ಬಂದವು. ಒಂದರಲ್ಲಿ ಅದನ್ನು 37²ರಿಂದ, ಇನ್ನೊಂದರಲ್ಲಿ 22021ರಿಂದ ಗುಣಿಸಲಾಗಿದೆ. ಇದು ಒಬ್ಬರಿಂದೊಬ್ಬರು ಪಡೆದುದರ ಸೂಚನೆಯಲ್ಲ. ಒಂದನ್ನು ಅಂಕಗಳ ಜೋಡಣೆಗಾಗಿ, ಇನ್ನೊಂದನ್ನು ಭಾಜಕಗಳ ಮೊತ್ತಕ್ಕಾಗಿ ಆರಿಸಲಾಗಿದೆ.

3003ಕ್ಕೆ ಇನ್ನೊಂದು ವಿಶೇಷವಿದೆ. 15 ವಸ್ತುಗಳಿಂದ 5ನ್ನು ಆರಿಸುವ ವಿಧಾನಗಳು 3003. 14ರಿಂದ 6ನ್ನು ಆರಿಸುವ ವಿಧಾನಗಳೂ 3003. 78ರಿಂದ 2ನ್ನು ಆರಿಸುವ ವಿಧಾನಗಳೂ 3003. ಇಂತಹ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವು ಗಣಿತಸಾರಸಂಗ್ರಹದಲ್ಲಿ ಇದೆ.

ಎರಡು ವರ್ಗಗಳ ಮೊತ್ತವಾಗಿ

4ರಿಂದ ಭಾಗಿಸಿದಾಗ 1 ಶೇಷ ಉಳಿಯುವ ಅವಿಭಾಜ್ಯಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಈ ಸಂಖ್ಯೆಯ ಅಪವರ್ತನಗಳಲ್ಲಿ 13 = 2² + 3² ಮತ್ತು 37 = 1² + 6² ಅಂತಹವು. ಅದರ ಫಲವಾಗಿ 12345654321ನ್ನು ಸೊನ್ನೆಯಲ್ಲದ ಎರಡು ವರ್ಗಗಳ ಮೊತ್ತವಾಗಿ ನಾಲ್ಕು ಬಗೆಯಲ್ಲಿ ಬರೆಯಲು ಸಾಧ್ಯ:

7161² + 110880²
36036² + 105105²
42735² + 102564²
73689² + 83160²

ಅಂದರೆ 111111ನ್ನು ವಿಕರ್ಣವಾಗಿ ಉಳ್ಳ, ಬಾಹುಗಳೆಲ್ಲ ಪೂರ್ಣಾಂಕಗಳಾಗಿರುವ ಲಂಬಕೋನ ತ್ರಿಭುಜಗಳು ನಾಲ್ಕು. ಎರಡು 'ಬೀಜ' ಸಂಖ್ಯೆಗಳಿಂದ ಇಂತಹ ಆಕೃತಿಗಳನ್ನು ಹುಟ್ಟಿಸುವ ಕ್ರಮವನ್ನು ಮಹಾವೀರಾಚಾರ್ಯನು ಕ್ಷೇತ್ರಗಣಿತದ ಭಾಗದಲ್ಲಿ 'ಜನ್ಯ' ಎಂಬ ಹೆಸರಿನಿಂದ ವಿವರಿಸಿದ್ದಾನೆ. 6 ಮತ್ತು 1 ಬೀಜಗಳಾದರೆ ಅವುಗಳ ವರ್ಗಗಳ ವ್ಯತ್ಯಾಸ 35, ಗುಣಲಬ್ಧದ ಇಮ್ಮಡಿ 12, ವರ್ಗಗಳ ಮೊತ್ತ 37. ಈ ಮೂರನ್ನೂ 3003ರಿಂದ ಗುಣಿಸಿದಾಗ 105105, 36036 ಮತ್ತು 111111 ಎಂಬ ತ್ರಿಭುಜ ದೊರೆಯುತ್ತದೆ.

ಪ್ರತಿಯೊಂದು ವರ್ಗವೂ 1ರಿಂದ ಆರಂಭವಾಗುವ ಬೆಸಸಂಖ್ಯೆಗಳ ಮೊತ್ತ. ಅದರಂತೆ 12345654321 ಮೊದಲ 111111 ಬೆಸಸಂಖ್ಯೆಗಳ ಮೊತ್ತ. ಅವುಗಳಲ್ಲಿ ಕೊನೆಯದು 222221.

ಮಹಾವೀರಾಚಾರ್ಯನ ಇತರ ಮಾಲಾಸಂಖ್ಯೆಗಳು

ಗಣಿತಸಾರಸಂಗ್ರಹದ ಗುಣಾಕಾರ ಪ್ರಕರಣದಲ್ಲಿ ಇದೇ ಬಗೆಯ ಇನ್ನಿತರ ಉದಾಹರಣೆಗಳಿವೆ. ಇವುಗಳಲ್ಲಿ ಕೆಲವನ್ನು ಕಂಠಾಭರಣ, ಕಂಠಿಕೆ ಮುಂತಾದ ಹೆಸರುಗಳಿಂದ ಸೂಚಿಸಲಾಗಿದೆ.

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
333333666667 × 33 = 11000011000011

ಇವೆಲ್ಲವೂ ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆಗಳು. ಇಂತಹವುಗಳನ್ನು ಇಂದು ಪಾಲಿಂಡ್ರೋಮ್ ಎನ್ನುತ್ತಾರೆ. ಚಿತ್ರಕಾವ್ಯದಲ್ಲಿ ಹಿಂದುಮುಂದಾಗಿ ಓದಿದರೂ ಬದಲಾಗದ ಪದ್ಯಕ್ಕೆ ಗತಪ್ರತ್ಯಾಗತ ಎಂಬ ಹೆಸರಿದೆ. ಪಟ್ಟಿಯ ಸಂಖ್ಯೆಗಳಲ್ಲಿ ಸೊನ್ನೆಯು ನಡುವೆ ಸ್ಥಾನವನ್ನು ತುಂಬುವ ಅಂಕವಾಗಿ ಹಲವು ಸಲ ಬಂದಿರುವುದು ಗಮನಾರ್ಹ. ಮೇಲಿನ ಗುಣಲಬ್ಧಗಳು ಸ್ಥಾನಬೆಲೆಯ ಪದ್ಧತಿಯಲ್ಲಿ ಬರೆದಾಗ ಮಾತ್ರ ಮಾಲೆಯಾಗಿ ಕಾಣುತ್ತವೆ.

ಗ್ರಂಥದ ಪ್ರಸಾರ

ಗಣಿತಸಾರಸಂಗ್ರಹವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ' ಮೊದಲಾದ ಗಣಿತ ಗ್ರಂಥಗಳನ್ನು ರಚಿಸಿದನು. ಆಧುನಿಕ ಕಾಲದಲ್ಲಿ ಎಂ. ರಂಗಾಚಾರ್ಯರು ಸಂಪಾದಿಸಿ ಇಂಗ್ಲಿಷಿಗೆ ಅನುವಾದಿಸಿದ ಆವೃತ್ತಿಯು 1912ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಮಹಾವೀರಾಚಾರ್ಯನ ಲೆಕ್ಕಗಳು ಇತರ ದೇಶಗಳ ಗಣಿತ ಇತಿಹಾಸಕಾರರ ಗಮನಕ್ಕೆ ಬಂದುದು ಮುಖ್ಯವಾಗಿ ಈ ಆವೃತ್ತಿಯಿಂದ. ಎಲ್. ಸಿ. ಜೈನ್ ಅವರ ಹಿಂದಿ ಅನುವಾದವು 1963ರಲ್ಲಿ ಸೊಲ್ಲಾಪುರದಿಂದ ಹೊರಬಂದಿತು. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಒಳಗೊಂಡ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.